ನೈಲಾನ್-ರಬ್ಬರ್ ಪ್ರಾಜೆಕ್ಟ್: ಮೂರನೇ ಕಂತು

ಹೊಡೆತಕ್ಕೆ ಸುಲಭವಾಗಿ ಮುರಿಯದ ನೈಲಾನ್ ಮಾಡಬೇಕೆಂದು, ಕಳೆದ ಸಲ ನೈಲಾನ್ 6ಕ್ಕೆ (ನೈಲಾನ್‌ನ ಒಂದು ಬಗೆ) ತೂಕದ ಲೆಕ್ಕದಲ್ಲಿ ಶೇ. 20 ಇಪಿಡಿಎಂ ಎಂಬ ಕೃತಕ ರಬ್ಬರ್ ಬೆರೆಸಿದ್ದೆ. ಹೊಡೆತ ತಾಳುವ ಶಕ್ತಿ ಅಳೆಯುವ ಐಜೋಡ್ ಯಂತ್ರದ ಸುತ್ತಿಗೆ ಬಿದ್ದಿದ್ದೇ ತಡ, ತುಂಡುಗಳೆಲ್ಲ ಟಪ್ ಅಂತ ಎರಡಾದವು. ಇಷ್ಟು ರಬ್ಬರ್ ಹಾಕಿಯೂ ಹೀಗಾ?

ಮೊದಲು ತೇವದ ಮೇಲೆ ಅನುಮಾನ ಬಂತು. ಮಳೆಗಾಲ ಬೇರೆ, ನೈಲಾನ್ ಸುಮ್ನೆ ಇಟ್ಟರೂ ನೀರು ಹೀರುತ್ತದೆ. 80 ಡಿಗ್ರಿಯಲ್ಲಿ ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿದೆ. ತುಂಡಿನ ಮೇಲಿದ್ದ ಬೆಳ್ಳಿ ಗೆರೆಗಳು ಹೋದವು. ಟಪ್ ಸದ್ದು ಹೋಗಲಿಲ್ಲ.

ಮಿಕ್ಸರ್‌ನಲ್ಲಿ 5 ನಿಮಿಷದ ಬದಲು 15 ನಿಮಿಷ ತಿರುಗಿಸಿದೆ. ದಂಡ. ಸಾರಿನ ಮೇಲಿನ ಒಗ್ಗರಣೆ ಎಣ್ಣೆ ನೋಡಿದ್ದೀರಲ್ವಾ? ಸೌಟು ಆಡಿಸಿದರೆ ಹನಿ ಒಡೆಯುತ್ತದೆ, ಎರಡು ಹನಿ ತಾಗಿದರೆ ಮತ್ತೆ ಒಂದಾಗುತ್ತದೆ. ಕರಗಿದ ನೈಲಾನ್‌ನೊಳಗಿನ ರಬ್ಬರ್ ಹನಿಗಳದ್ದೂ ಅದೇ ಕಥೆ. ಒಡೆಯುವುದೂ ಕೂಡುವುದೂ ಸಮ ಆದಮೇಲೆ ಎಷ್ಟು ತಿರುಗಿಸಿದರೂ ಕಣ ಸಣ್ಣದಾಗುವುದಿಲ್ಲ.

ಕೊನೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಟ್ಟೆ. ದ್ರವ ನೈಟ್ರೋಜನ್‌ನಲ್ಲಿ ಅದ್ದಿ ಮುರಿದು, ಬಿಸಿ ಕ್ಸೈಲೀನ್‌ನಲ್ಲಿ ರಬ್ಬರ್ ತೊಳೆದರೆ ಅದಿದ್ದ ಜಾಗದಲ್ಲಿ ತೂತು ಉಳಿಯುತ್ತದೆ. ದೊಡ್ಡ ತೂತುಗಳು 4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಒಳಗೋಡೆ ತೊಳೆದಿಟ್ಟ ಬಟ್ಟಲಿನ ಹಾಗೆ ನುಣುಪು. ತೊಳೆಯದ ತುಂಡಿನಲ್ಲೂ ಕೆಲವು ಕಣ ತಾವೇ ಉದುರಿಹೋಗಿದ್ದವು. ಅಂಟೇ ಇಲ್ಲ! (ಮುರಿದ ಮುಖ ಎಲ್ಲ ಕಣವನ್ನೂ ಸರಿಯಾಗಿ ನಡುವೆ ಸೀಳುವುದಿಲ್ಲ. ಹಾಗಾಗಿ ನಿಜವಾದ ಗಾತ್ರ ಕಾಣುವುದಕ್ಕಿಂತ ಸ್ವಲ್ಪ ಜಾಸ್ತಿಯೇ.)

ಡುಪಾಂಟ್ ಕಂಪನಿಯ ವಿಜ್ಞಾನಿ ಸೌಹೆಂಗ್ ವು 1985ರಲ್ಲಿ ಹೇಳಿದ್ದು ಆಗ ತಲೆಗೆ ಹತ್ತಿತು. ಕಣದ ಗಾತ್ರಕ್ಕಿಂತ ಎರಡು ಕಣಗಳ ನಡುವಿನ ನೈಲಾನ್ ಗೋಡೆ ಎಷ್ಟು ತೆಳು ಅನ್ನುವುದು ಮುಖ್ಯ. ಸುಮಾರು 0.3 ಮೈಕ್ರಾನ್‌ಗಿಂತ ತೆಳುವಾದರೆ ಗೋಡೆ ಒಡೆಯದೆ ಎಳೆದುಕೊಳ್ಳುತ್ತದೆ. ರಬ್ಬರ್ ಹಗುರ, ಹಾಗಾಗಿ ತೂಕದಲ್ಲಿ ನಾನು ಹಾಕಿದ ಶೇ. 20, ಹಿಡಿಯುವ ಜಾಗದ ಲೆಕ್ಕದಲ್ಲಿ ಸುಮಾರು ಶೇ. 24. ವು ಅವರ ಸೂತ್ರಕ್ಕೆ ಹಾಕಿದರೆ ಗೋಡೆಯ ದಪ್ಪ ಕಣದ ವ್ಯಾಸದ ಶೇ. 29ರಷ್ಟು. ಅಂದರೆ ಕಣ 1 ಮೈಕ್ರಾನ್ ಒಳಗಿರಬೇಕು. ನಾನಿದ್ದದ್ದು ನಾಲ್ಕರಲ್ಲಿ.

ಈ ಸಲ ರಬ್ಬರ್‌ನಲ್ಲಿ ಅರ್ಧ ಪಾಲು ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಕೂಡಿಸಿದ ಇಪಿಡಿಎಂ ಹಾಕಿದೆ. ಅದು ನೈಲಾನ್ ಸರಪಳಿಯ ತುದಿಯ ಅಮೀನ್ ಗುಂಪಿನ (ನೈಟ್ರೋಜನ್ ಇರುವ ಪರಮಾಣುಗಳ ಗುಂಪು) ಜೊತೆ ಕೈ ಹಿಡಿಯುತ್ತದೆ, ಹನಿಗಳು ಮತ್ತೆ ಒಂದಾಗಲು ಬಿಡುವುದಿಲ್ಲ. ಕರಗಿದ ಮಿಶ್ರಣ ಗಟ್ಟಿಯಾಗಿ ಮಿಕ್ಸರ್‌ನ ಟಾರ್ಕ್ (ತಿರುಗಿಸಲು ಬೇಕಾದ ಬಲ) ಏರಿದ್ದು ನೋಡಿಯೇ ಖುಷಿಯಾಯಿತು. ಕಣಗಳು ಅರ್ಧ ಮೈಕ್ರಾನ್ ಆಸುಪಾಸು. ಸುತ್ತಿಗೆ ಬಿದ್ದಾಗ ಸದ್ದು ದಪ್ಪ. ತುಂಡು ಕೀಲಿನ ಹಾಗೆ ಮಡಚಿ ಅಂಟಿಕೊಂಡೇ ಇತ್ತು, ಬಿರುಕಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ. ಆ ಬಿಳಿ ಅಂದರೆ ಕಣಗಳ ಒಳಗೆ ಬಿದ್ದ ಪೊಳ್ಳು; ಅದು ಬಿದ್ದರೆ ಸುತ್ತಲಿನ ನೈಲಾನ್ ಒಡೆಯದೆ ಎಳೆದುಕೊಳ್ಳುವುದು ಸುಲಭ.

ತುಂಡಿನ ಬಿಗುವು (ಬಾಗದೆ ನಿಲ್ಲುವ ಗುಣ) ಕಡಿಮೆಯಾಗಿದೆ, ಅದು ರಬ್ಬರ್ ಹಾಕಿದ್ದಕ್ಕೆ ತೆರುವ ಬೆಲೆ.

ಮುಂದೆ ಪೂರ್ತಿ ಮಲೇಯಿಕ್ ರಬ್ಬರನ್ನೇ ಹಾಕಿ ನೋಡುವ ಆಸೆ. ಆದರೆ ಕಣ ಇನ್ನೂ ಸಣ್ಣದಾಗಿ 0.2 ಮೈಕ್ರಾನ್‌ಗಿಂತ ಕೆಳಗಿಳಿದರೆ ಒಳಗೆ ಪೊಳ್ಳು ಬೀಳುವುದೇ ಕಷ್ಟ, ಆಗ ಮತ್ತೆ ಟಪ್ ಅನ್ನಬಹುದು. ಸೋಮವಾರಕ್ಕೆ ಓವನ್ ಕೇಳಿಟ್ಟಿದ್ದೇನೆ.