ಕೊಲೆ ಲಂಡನ್ನಿನಲ್ಲೇ ಯಾಕೆ ಆಗಬೇಕಿತ್ತು?

ನನ್ನ ಪತ್ತೇದಾರಿ ಕಾದಂಬರಿ ಓದಿದವರೂ ಓದದವರೂ ಕೇಳುವುದು ಇದನ್ನೇ: 1965ರ ಲಂಡನ್ನಿನ ಸ್ಟುಡಿಯೋದಲ್ಲಿ ಗಿಟಾರ್ ನುಡಿಸುವವನ ಹೆಣ ಬಿದ್ದರೆ, ಸಿತಾರ್ ರಿಪೇರಿ ಮಾಡುವ ನಮ್ಮ ಧಾರವಾಡದ ಹುಡುಗನಿಗೆ ಅಲ್ಲೇನು ಕೆಲಸ? ಇದು ಸ್ವಲ್ಪ ಜಾಸ್ತಿ ಆಗಲಿಲ್ವಾ?

ಇಲ್ಲ. ಇದಕ್ಕಿಂತ ವಿಚಿತ್ರವಾದದ್ದು ನಿಜವಾಗಿ ನಡೆದಿದೆ. ಅಯನ ದೇವ ಅಂಗಡಿ ಅಂತ ಒಬ್ಬರಿದ್ದರು. ಹೆಸರು ಕೇಳಿದರೇ ಗೊತ್ತಾಗುತ್ತಲ್ಲ, ನಮ್ಮ ಉತ್ತರ ಕರ್ನಾಟಕದವರು. ಹೆಂಡತಿ ಪೆಟ್ರೀಷಿಯಾ ಜೊತೆ ಸೇರಿ ಲಂಡನ್ನಿನಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಅನ್ನೋ, ನಮ್ಮ ಕಡೆಯ ಸಂಗೀತವನ್ನು ಅಲ್ಲಿನವರಿಗೆ ಪರಿಚಯಿಸುವ ಸಂಸ್ಥೆ ನಡೆಸುತ್ತಿದ್ದರು. 1965ರ ಅಕ್ಟೋಬರಿನಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ರೆಕಾರ್ಡಿಂಗ್ ಮಾಡುತ್ತಿದ್ದಾಗ ಸಿತಾರ್ ತಂತಿ ಕಡಿಯಿತು. ಕರೆ ಹೋಗಿದ್ದು ಅಂಗಡಿಯವರ ಮನೆಗೆ. ತಂತಿ ತಗೊಂಡು ಮನೆಮಂದಿಯೇ ಆಬಿ ರೋಡ್ ಸ್ಟುಡಿಯೋಗೆ ಹೊರಟರು.

ಪೊಲೀಸನಲ್ಲದವನು ಕೊಲೆ ಪತ್ತೆ ಮಾಡಬೇಕಾದರೆ ಮೊದಲು ಒಳಗೆ ಹೋಗೋಕೆ ಒಂದು ನೆಪ ಬೇಕು. ಕಡಿದ ತಂತಿಗಿಂತ ಒಳ್ಳೆ ನೆಪ ಎಲ್ಲಿ ಸಿಗುತ್ತೆ, ಹೇಳಿ.

ಇನ್ನೊಂದು ಕಾರಣ ಟೇಪು. (ಕಾದಂಬರಿ ಓದದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಆಗ ಅಲ್ಲಿನ ದೊಡ್ಡ ಸ್ಟುಡಿಯೋಗಳಲ್ಲಿ ನಾಲ್ಕು ಟ್ರ್ಯಾಕಿನ ಯಂತ್ರ, ಅಂದರೆ ಒಂದೇ ಟೇಪಿನಲ್ಲಿ ನಾಲ್ಕು ಧ್ವನಿಗಳನ್ನು ಬೇರೆ ಬೇರೆಯಾಗಿ ತುಂಬಿಸುವ ಯಂತ್ರ, ಬಂದಿತ್ತು. ಡ್ರಮ್ಸ್ ಇವತ್ತು ನುಡಿಸಿ, ಗಿಟಾರನ್ನು ನಾಳೆ ಬಂದು ಇನ್ನೊಂದು ಟ್ರ್ಯಾಕಿಗೆ ಸೇರಿಸಬಹುದು, ಕೇಳುವವರಿಗೆ ಮಾತ್ರ ಎಲ್ಲರೂ ಒಟ್ಟಿಗೆ ಕೂತು ನುಡಿಸಿದ ಹಾಗೇ ಇರುತ್ತೆ. ಸಂಜೆಯ ಸೆಷನ್ ಅಂದರೆ ಸಾಮಾನ್ಯವಾಗಿ 7ರಿಂದ 10, ಲೆಕ್ಕ ಹಾಕಿದ ಮೂರು ಗಂಟೆ. ಕೊಲೆಗಾರ ಹೇಳುವುದೂ ಅದನ್ನೇ: ಆ ಮೂರು ಗಂಟೆ ನಾನು ಗಿಟಾರ್ ನುಡಿಸ್ತಾ ಇದ್ದೆ, ಬೇಕಿದ್ದರೆ ಟೇಪ್ ಹಾಕಿ ಕೇಳಿ. ಎಲ್ಲರೂ ಕೇಳಿದರು. ನಮ್ಮ ಹುಡುಗ ಮಿರಜ್‌ನಲ್ಲಿ ತಂಬೂರಿ ಮಾಡುವವರ ಹತ್ತಿರ ಕೆಲಸ ಕಲಿತವನು, ಅವನ ಕಿವಿಗೆ ಬೇರೇನೋ ಬಿತ್ತು. ಗಿಟಾರಿನ ಒಂದು ತಂತಿಯ ಶ್ರುತಿ ಕೂದಲೆಳೆಯಷ್ಟು ಇಳೀತಾ ಹೋಗ್ತಿದೆ. ಆಗಷ್ಟೇ ಹಾಕಿದ ತಂತಿ ಹಾಗೆ ಇಳಿಯುತ್ತೆ. ಹಳೇ ತಂತಿ ಹೆಣದ ಕುತ್ತಿಗೆಯಲ್ಲಿತ್ತು. ಅಂದರೆ ಈ ಟ್ರ್ಯಾಕ್ ತುಂಬಿಸಿದ್ದು ಕೊಲೆ ಆದ ಮೇಲೆ.

ನಿಜವಾದ ಪ್ರಕರಣವನ್ನೇ ಬರೀಬಹುದಿತ್ತಲ್ಲ ಅಂತಾರೆ ಕೆಲವರು. ಆ ಕಾಲದ ಸಂಗೀತದ ಸುತ್ತ ಅಂಥವು ಇದ್ದವು, ನಿಜ. ಸಮುದ್ರದ ಹಳೇ ಕೋಟೆಯಿಂದ ರೇಡಿಯೋ ಸಿಟಿ ಅನ್ನೋ ಲೈಸೆನ್ಸ್ ಇಲ್ಲದ ರೇಡಿಯೋ ಕೇಂದ್ರ ನಡೆಸುತ್ತಿದ್ದ ರೆಜಿನಾಲ್ಡ್ ಕ್ಯಾಲ್ವರ್ಟ್ 1966ರ ಜೂನಿನಲ್ಲಿ ಗುಂಡೇಟಿಗೆ ಸತ್ತ. ಗುಂಡು ಹಾರಿಸಿದ ಆಲಿವರ್ ಸ್ಮೆಡ್ಲಿಯನ್ನು ಕೋರ್ಟ್ ಖುಲಾಸೆ ಮಾಡಿತು. ಹಾಡುಗಳ ರೆಕಾರ್ಡ್ ನಿರ್ಮಾಪಕ ಜೋ ಮೀಕ್ 1967ರ ಫೆಬ್ರವರಿ 3ರಂದು ಮನೆ ಮಾಲೀಕಳನ್ನು ಕೊಂದು ತಾನೂ ಸತ್ತ. ಎರಡರಲ್ಲೂ ಹೊಡೆದವರು ಯಾರು ಅಂತ ಗೊತ್ತೇ ಇದೆ. ಪತ್ತೇದಾರನಿಗೆ ಅಲ್ಲಿ ಮಾಡೋಕೆ ಏನೂ ಇಲ್ಲ. ಸತ್ತವರ ಸಂಕಟ ಹಿಡಿದು ಒಗಟು ಹೊಸೆಯೋಕೆ ನನಗೆ ಮನಸ್ಸೂ ಬರಲಿಲ್ಲ.

ಹಾಂ, ಕೊಲೆಗಾರನಿಗೆ ಯಾಕೆ ನೇಣು ಹಾಕಿಸಲಿಲ್ಲ ಅಂತ ಬೈದವರಿಗೆ: ಕೊಲೆ ಅಕ್ಟೋಬರಿನಲ್ಲಿ ಆಯ್ತು, ವಿಚಾರಣೆ ಶುರುವಾಗೋದು ಚಳಿಗಾಲದಲ್ಲಿ. ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆ ನಿಲ್ಲಿಸುವ ಕಾಯ್ದೆ ಜಾರಿಗೆ ಬಂದಿದ್ದು 1965ರ ನವೆಂಬರ್ 9ರಂದು. ಅವನಿಗೆ ಅದು ಮೊದಲೇ ಗೊತ್ತಿತ್ತಾ ಅಂತ 14ನೇ ಅಧ್ಯಾಯದಲ್ಲಿ ಹುಡುಗ ಕೇಳ್ತಾನೆ. ಅವನು ಬಾಯಿ ಬಿಡಲ್ಲ.