ಎಲೆಯ ಫೋಟೊಗಳು

ಏಪ್ರಿಲ್ 14, 2024, ಭಾನುವಾರ
ಮೈಸೂರು

ಹಿತ್ತಲಲ್ಲಿ ಸೂರಕ್ಕಿ ಗೂಡಿನ ಹತ್ತಿರ ಇಟ್ಟ ಕ್ಯಾಮೆರಾದ ಕಾರ್ಡ್‌ನಲ್ಲಿ ಇವತ್ತು 412 ಫೋಟೊ. ಸೂರಕ್ಕಿ ಸರಿಯಾಗಿ ಸಿಕ್ಕಿದ್ದು 9ರಲ್ಲಿ. ಉಳಿದದ್ದೆಲ್ಲ ದಾಸವಾಳದ ಎಲೆ.

ತಪ್ಪು ಕ್ಯಾಮೆರಾವನ್ನು ತಾನಾಗಿ ಕ್ಲಿಕ್ ಮಾಡಿಸುವ ಪಿಐಆರ್ ಸೆನ್ಸರ್‌ದಲ್ಲ. ಬಿಸಿ ಇರುವ ಏನೇ ಎದುರಿಗೆ ಸರಿದಾಡಿದರೂ ಅದಕ್ಕೆ ಗೊತ್ತಾಗುತ್ತದೆ. ಈ ಬಿಸಿಲಲ್ಲಿ ಕಾದ ಎಲೆ ಗಾಳಿಗೆ ಅಲ್ಲಾಡಿದರೆ ಅದೂ ಹಕ್ಕಿಯೇ. ತಿರುಪು ತಿರುಗಿಸಿ ಸ್ವಲ್ಪ ಮಂದ ಮಾಡಿದರೆ ಎಲೆ ತಪ್ಪುತ್ತದೆ, ಜೊತೆಗೆ ಸೂರಕ್ಕಿಯೂ ತಪ್ಪುತ್ತದೆ. 10 ಸೆಂಟಿಮೀಟರ್ ಜೀವ ಅದು.

ಮಧ್ಯಾಹ್ನ ಹಿತ್ತಲಲ್ಲಿ ಸೆನ್ಸರ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಅಮ್ಮ ಹಪ್ಪಳ ತಿರುವಿ ಹಾಕಲು ಬಂದಳು.

‘ಅದು ಟಕ್ ಅನ್ನುತ್ತಲ್ಲ, ಆಗಲೇ ಹಾರೋದು ಕಣೋ.’

‘ಯಾವುದು?’

‘ನಿನ್ನ ಡಬ್ಬಿ. ಕ್ಯಾಮೆರಾ ಸದ್ದು ಆಮೇಲೆ ಬರುತ್ತೆ. ಅಷ್ಟರಲ್ಲಿ ಹಕ್ಕಿ ಹೋಗಿರುತ್ತೆ.’

ರಿಲೇ! ಸೆನ್ಸರ್ ಹೇಳಿದಾಗ ಕ್ಯಾಮೆರಾದ ತಂತಿ ಕೂಡಿಸುವ ಸ್ವಿಚ್ಚು, ಅದರ ಒಳಗಿನ ಪಟ್ಟಿ ಬಡಿಯುವ ಸದ್ದು. ಎರಡು ವಾರದಿಂದ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅದರ ಬದಲು ಆಪ್ಟೋಕಪ್ಲರ್ ಹಾಕಿದರೆ ಸಾಕು. ಒಳಗೆ ಪುಟ್ಟ ಬೆಳಕು ಹತ್ತುತ್ತದೆ, ಕ್ಯಾಮೆರಾದ ತಂತಿ ಕೂಡುತ್ತದೆ, ಅಲುಗುವ ಭಾಗವೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಅಂಥದೇ ಒಂದು, 4ಎನ್35, ಡ್ರಾಯರ್‌ನಲ್ಲೇ ಇತ್ತು. ಸಂಜೆಯೊಳಗೆ ಬೆಸುಗೆ ಹಾಕಿ ಮುಗಿಸಿದೆ. ತುಂಬಾ ಖುಷಿಯಾಗಿತ್ತು.

ಅಮ್ಮ ಹೋಗುವಾಗ ಇನ್ನೊಂದು ಮಾತು ಹೇಳಿದ್ದಳು. ‘ಬೆಳಿಗ್ಗೆ ನೀನು ಸ್ಟ್ಯಾಂಡ್ ಇಟ್ಟ ಮೇಲೆ ಅದು ತುಂಬಾ ಹೊತ್ತು ಬರಲೇ ಇಲ್ಲ.’ ಆಗ ಸುಮ್ನೆ ಹೂಂಗುಟ್ಟಿದ್ದೆ.

ರಾತ್ರಿ ಅಳಿಸೋಣ ಅಂತ ಎಲೆಯ ಫೋಟೊಗಳನ್ನು ತೆರೆದೆ. ಒಂದೊಂದರಲ್ಲೂ ಮೂಲೆಯಲ್ಲಿ ಗೂಡು ಇದೆ. ಜೇಡರ ಬಲೆ, ತೊಗಟೆ ಚೂರು ಸೇರಿಸಿ ಹೆಣೆದ ಪುಟ್ಟ ಜೋಳಿಗೆ. ಹೆಣ್ಣು ಕಾವಿಗೆ ಕೂತಿದ್ದರೆ ಗೂಡಿನ ಬಾಯಲ್ಲಿ ಬಾಗಿದ ಕೊಕ್ಕು ಕಾಣುತ್ತದೆ. 7:12ರ ಫೋಟೊದಲ್ಲಿ ಕೊಕ್ಕಿಲ್ಲ. 7:20ರಲ್ಲಿ ಇಲ್ಲ. 7:35ರಲ್ಲೂ ಇಲ್ಲ. 7:51ಕ್ಕೆ ಬಂತು.

39 ನಿಮಿಷ. ಮೊಟ್ಟೆ ಎಷ್ಟು ಹೊತ್ತು ತಡೆಯುತ್ತದೆ? ನಾನು ಆಗ ಒಳಗೆ ಕಾಫಿ ಕುಡಿಯುತ್ತಿದ್ದೆ.

ಟಾರ್ಚ್ ಹಾಕದೆ, ಕತ್ತಲಲ್ಲೇ ಹೋಗಿ ಸ್ಟ್ಯಾಂಡ್ ತೆಗೆದುಕೊಂಡು ಬಂದೆ. ಇನ್ನು ಗೂಡಿನ ಹತ್ತಿರ ಬೇಡ. ನೀರಿನ ತಟ್ಟೆ ಇರುವ ಮೂಲೆಯಲ್ಲಿ ಇಡುತ್ತೇನೆ, ಪಿಕಳಾರ ಬರುತ್ತವೆ. ಆದರೆ ತೆಗೆಯುವಾಗ ಕೊಂಬೆಗೆ ಒಂಚೂರು ತಾಗಿತು. ಆಗ ಅದು ಒಳಗಿತ್ತೋ, ಇಲ್ಲ…