ಹಳೇ ಹೋಂಸ್ಟೇ ವೆಬ್‌ಸೈಟ್ ಈಗ ಯಾರ ಕೈಯಲ್ಲಿದೆ?

ಹೋಂಸ್ಟೇಯ ಹಳೇ ವೆಬ್‌ಸೈಟನ್ನು ಬೇರೆ ಯಾರೋ ಹಿಡಿದು ಬುಕಿಂಗ್ ಹಣ ದೋಚುವ ಮೋಸ ಬಯಲಾಗುವುದು ಹೆಚ್ಚಾಗಿ ಗೇಟಿನ ಮುಂದೆ. ದಸರಾ ರಜೆಗೆಂದು ಬೆಂಗಳೂರಿನಿಂದ ಹೊರಟವರು ಸಂಜೆ ಹೊತ್ತಿಗೆ ಕೊಡಗಿನ ಕಕ್ಕಬ್ಬೆ ಕಡೆಯ ತೋಟದ ದಾರಿ ಹುಡುಕಿಕೊಂಡು ಬಂದು, ಎರಡು ರೂಮಿಗೆ ಮುಂಗಡ ಕಟ್ಟಿದ ರಸೀದಿ ತೋರಿಸುತ್ತಾರೆ. ಮನೆಯವರಿಗೆ ಆ ಬುಕಿಂಗ್ ಗೊತ್ತೇ ಇಲ್ಲ. ರಸೀದಿಯಲ್ಲಿರುವ ಫೋಟೋ ಅವರ ಮನೆಯದ್ದೇ, ವೆಬ್‌ಸೈಟಿನ ಹೆಸರೂ ಅವರದ್ದೇ. ಫೋನ್ ನಂಬರ್ ಮಾತ್ರ ಬೇರೆ ಯಾರದ್ದೋ.

ಬಂದವರು ಮನೆಯವರನ್ನು ಅನುಮಾನಿಸುತ್ತಾರೆ, ಮನೆಯವರು ಬಂದವರನ್ನು. ಆ ಮಾತುಕತೆ ಆಮೇಲೆ ಇರಲಿ. ದುಡ್ಡು ಕಟ್ಟಿದವರು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಸಿಗ್ನಲ್ ಇಲ್ಲದಿದ್ದರೆ ಮನೆಯವರ ವೈಫೈ ಕೇಳಿ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲಿ ದೂರು ದಾಖಲಿಸಬೇಕು. ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್, ಕಟ್ಟಿದ ದಿನ ಮತ್ತು ಸಮಯ, ಮೊತ್ತ, ಹಣ ಹೋದ ಯುಪಿಐ ಐಡಿ ಇಷ್ಟನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಫೋನಿನಲ್ಲಿ ತಡವರಿಸಬೇಕಾಗಿಲ್ಲ. ದೂರು ದಾಖಲಾದ ಮೇಲೆ ಹಣ ಯಾವ ಖಾತೆಯಲ್ಲಿದೆಯೋ ಅಲ್ಲಿ ಅದನ್ನು ತಡೆಹಿಡಿಯಲು ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಮೋಸಗಾರರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ಎಟಿಎಂನಲ್ಲಿ ತೆಗೆದುಬಿಟ್ಟರೆ ತಡೆಯಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಅಷ್ಟು ಅವಸರ. ಸೈಬರ್ ಅಪರಾಧ ನೋಡಿಕೊಳ್ಳುವ ಮಡಿಕೇರಿಯ ಸಿಇಎನ್ ಪೊಲೀಸ್ ಠಾಣೆಗೆ ಮರುದಿನ ಹೋಗಬಹುದು, 1930 ಮಾತ್ರ ಮರುದಿನಕ್ಕೆ ಬೇಡ.

ಇನ್ನು ಸೈಟಿನ ವಿಚಾರ. ಮೊದಲು ಹೆಸರನ್ನು ಒಂದೊಂದೇ ಅಕ್ಷರ ಓದಿ. ಕೊಡಗು ಇರಬೇಕಾದಲ್ಲಿ ಕೂರ್ಗ್, ಡಾಟ್ ಇನ್ ಇರಬೇಕಾದಲ್ಲಿ ಡಾಟ್ ಕಾಮ್, ನಡುವೆ ಒಂದು ಗೀಟು ಹೆಚ್ಚು. ಹಾಗಿದ್ದರೆ ಅದು ನಕಲಿ ಹೆಸರು, ಮೂಲ ಸೈಟಿಗೆ ಏನೂ ಆಗಿಲ್ಲ. ಹೆಸರು ಅಕ್ಷರಶಃ ಅದೇ ಆಗಿದ್ದರೆ ಎರಡೇ ದಾರಿ: ಒಂದೋ ಆ ಹೆಸರು ಕೈ ಬದಲಾಗಿದೆ, ಇಲ್ಲವೇ ಮಾಲೀಕರ ಕೈಯಲ್ಲಿದ್ದಂತೆಯೇ ಒಳಗೆ ಯಾರೋ ನುಗ್ಗಿದ್ದಾರೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಯಾವುದೆಂದು ತಿಳಿಯದೆ ಪಾಸ್‌ವರ್ಡ್ ಬದಲಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ.

ವೆಬ್‌ಸೈಟಿನ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲಾಗುವುದಿಲ್ಲ. ಅದು ಗುತ್ತಿಗೆ: ಕನಿಷ್ಠ ಒಂದು ವರ್ಷ, ಒಂದೇ ಸಲಕ್ಕೆ ಹೆಚ್ಚೆಂದರೆ 10 ವರ್ಷ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಟ್ಟ ಕಂಪನಿ, ಹೆಚ್ಚೆಂದರೆ 45 ದಿನ ಕಾಯಬಹುದು. ನಂತರದ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿ, ಅದಾದ ಮೇಲೆ 5 ದಿನ ಯಾರಿಗೂ ಮುಟ್ಟಲಾಗದ ಸ್ಥಿತಿ. ಆ ಮೇಲೆ ಮೊದಲು ಕೇಳಿದವರಿಗೆ. ಹೀಗೆ ಬಿಡುಗಡೆಯಾಗುವ ಹೆಸರುಗಳನ್ನು ಕಾಯ್ದು ಕುಳಿತು ಹಿಡಿಯುವ ಸಾಫ್ಟ್‌ವೇರ್‌ಗಳೇ ಇವೆ. ಹತ್ತು ವರ್ಷ ನಡೆದ ಹೋಂಸ್ಟೇಯ ಹೆಸರಿಗೆ ಪ್ರವಾಸದ ಬ್ಲಾಗುಗಳಿಂದ, ಹಳೇ ವಾಟ್ಸ್‌ಆಪ್ ಸಂದೇಶಗಳಿಂದ, ಗೂಗಲ್ ಮ್ಯಾಪಿನಿಂದ ಲಿಂಕ್‌ಗಳಿರುತ್ತವೆ. ಹೊಸಬರಿಗೆ ಬೇಕಾದದ್ದು ಆ ಲಿಂಕ್‌ಗಳು. ನಂಬಿಕೆ ಅವುಗಳ ಜೊತೆ ಪುಕ್ಕಟೆಯಾಗಿ ಬರುತ್ತದೆ.

ಕೈ ಬದಲಾಗಿದೆಯೇ ಎಂದು ನೋಡಲು, ವೆಬ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಹೆಸರು ಹಾಕಿ. ಹಿಂದೆ ಇದಕ್ಕೆ ಹೂಈಸ್ ಅನ್ನುತ್ತಿದ್ದರು, 2025ರ ಜನವರಿಯಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಆರ್‌ಡಿಎಪಿ ಅದರ ಜಾಗಕ್ಕೆ ಬಂದಿದೆ. ಮಾಲೀಕರ ಹೆಸರು ಅಲ್ಲಿ ಸಿಗುವುದು ಕಷ್ಟ, 2018ರಿಂದ ಖಾಸಗಿತನದ ಕಾರಣಕ್ಕೆ ಅದನ್ನು ಮುಚ್ಚಿಡುತ್ತಾರೆ. ಅದು ಮುಚ್ಚಿದೆ ಎಂಬುದಷ್ಟೇ ಮೋಸದ ಗುರುತಲ್ಲ. ನೋಡಬೇಕಾದದ್ದು ಕ್ರಿಯೇಷನ್ ಡೇಟ್, ಅಂದರೆ ಹೆಸರು ನೋಂದಣಿಯಾದ ದಿನ. 2012ರಿಂದ ಇರುವ ಹೋಂಸ್ಟೇಯ ಹೆಸರಿಗೆ ಕ್ರಿಯೇಷನ್ ಡೇಟ್ ಕಳೆದ ತಿಂಗಳದ್ದಾಗಿದ್ದರೆ ಹಳೇ ಗುತ್ತಿಗೆ ಅಳಿಸಿಹೋಗಿ ಹೊಸಬರು ಹಿಡಿದಿದ್ದಾರೆ ಎಂದೇ ಅರ್ಥ.

ಇಲ್ಲೇ ತುಂಬಾ ಜನ ಎಡವುವುದು. ಕ್ರಿಯೇಷನ್ ಡೇಟ್ ಹಳೆಯದೇ ಇದ್ದರೆ ಸೈಟ್ ಸಾಚಾ ಎಂದುಕೊಳ್ಳುತ್ತಾರೆ. ಆದರೆ ಹಲವು ರಿಜಿಸ್ಟ್ರಾರ್‌ಗಳು ಆ 45 ದಿನದೊಳಗೇ ಹೆಸರನ್ನು ಹರಾಜಿಗೆ ಹಾಕುತ್ತವೆ. ಹರಾಜಿನಲ್ಲಿ ಹೋದ ಹೆಸರು ಅಳಿಯುವುದೇ ಇಲ್ಲ, ಹಳೇ ತಾರೀಖನ್ನು ಹೊತ್ತುಕೊಂಡೇ ಹೊಸಬರ ಕೈಗೆ ಹೋಗುತ್ತದೆ. ಆಗ ಅಪ್‌ಡೇಟೆಡ್ ಡೇಟ್ ಮತ್ತು ನೇಮ್ ಸರ್ವರ್ (ಹೆಸರು ಹುಡುಕಿದವರನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಕಂಪ್ಯೂಟರ್) ಸಾಲುಗಳನ್ನು ನೋಡಬೇಕು. ಮಾಲೀಕರಿಗೆ ಗೊತ್ತಿಲ್ಲದ ನೇಮ್ ಸರ್ವರ್ ಇದ್ದರೆ ಹತೋಟಿ ಬೇರೆಯವರಲ್ಲಿದೆ. ಹರಾಜೋ, ಮಾಲೀಕರ ಖಾತೆಯ ಪಾಸ್‌ವರ್ಡ್ ಕದ್ದದ್ದೋ ಎಂಬುದು ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆದರೆ ತಿಳಿಯುತ್ತದೆ: ಹೆಸರು ಖಾತೆಯಲ್ಲಿ ಇನ್ನೂ ಇದ್ದು ಸೆಟಿಂಗ್ ಮಾತ್ರ ಬದಲಾಗಿದ್ದರೆ ಅದು ಕಳವು.

ಮುಂದಿನದು ವೇಬ್ಯಾಕ್ ಮಷೀನ್. ಇಂಟರ್ನೆಟ್ ಆರ್ಕೈವ್‌ನವರು 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದ್ದಾರೆ. ಅಲ್ಲಿ ಸೈಟಿನ ಹೆಸರು ಹಾಕಿದರೆ ವರ್ಷವಾರು ಕ್ಯಾಲೆಂಡರ್ ಬರುತ್ತದೆ. ಕೈ ಬದಲಾದ ಹೆಸರಿನ ಕ್ಯಾಲೆಂಡರ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ವರ್ಷಗಟ್ಟಲೆ ಮನೆಯ ಪುಟ, ನಂತರ ಕೆಲವು ತಿಂಗಳು ಏನೂ ಇಲ್ಲ, ಆಮೇಲೆ 'ಈ ಹೆಸರು ಮಾರಾಟಕ್ಕಿದೆ' ಎಂಬ ಪುಟ, ಅದಾದ ಮೇಲೆ ಮತ್ತೆ ಅದೇ ಮನೆಯ ಪುಟ. ಮೋಸಗಾರರಿಗೆ ಆ ಹಳೇ ಪುಟ ಎಲ್ಲಿಂದ ಸಿಕ್ಕಿತು? ಇದೇ ವೇಬ್ಯಾಕ್ ಮಷೀನಿನಿಂದ. ಅದಕ್ಕೇ ಫೋಟೋ, ಊಟದ ಪಟ್ಟಿ, ಅಬ್ಬಿ ಜಲಪಾತಕ್ಕೆ ಎಷ್ಟು ದೂರ ಎಂಬ ಸಾಲು ಎಲ್ಲವೂ ಹಾಗೆಯೇ ಇರುತ್ತವೆ.

ಈ ನಕಲಿನಲ್ಲಿ ಒಂದು ಗುರುತು ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಪುಟ ತೆರೆದು ಕಂಟ್ರೋಲ್ ಒತ್ತಿ ಹಿಡಿದು ಯು ಒತ್ತಿದರೆ ಪುಟದ ಮೂಲ ಕೋಡ್ ಕಾಣುತ್ತದೆ. ಅದರಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ 'ವೆಬ್ ಡಾಟ್ ಆರ್ಕೈವ್' ಎಂದು ಇಂಗ್ಲಿಷಿನಲ್ಲಿ ಹುಡುಕಿ. ಅವಸರದಲ್ಲಿ ನಕಲು ಮಾಡಿದವರು ಫೋಟೋ ಲಿಂಕ್‌ಗಳ ಮುಂದಿನ ಆರ್ಕೈವ್ ವಿಳಾಸವನ್ನು ಅಳಿಸಿರುವುದಿಲ್ಲ. ಆ ವಿಳಾಸದಲ್ಲಿ 14 ಅಂಕಿಗಳ ಒಂದು ಸಾಲು ಇರುತ್ತದೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಯಾವ ದಿನದ ಪ್ರತಿಯಿಂದ ಕದ್ದರು ಎಂಬುದು ಅಲ್ಲೇ ಬರೆದಿದೆ. ಬದುಕಿದ್ದ ಸೈಟನ್ನೇ ಎಚ್‌ಟಿಟ್ರ್ಯಾಕ್ ಎಂಬ ಸಾಫ್ಟ್‌ವೇರಿನಿಂದ ನಕಲು ಮಾಡಿದ್ದರೆ 'ಮಿರರ್ಡ್ ಫ್ರಮ್' ಎಂದು ಶುರುವಾಗುವ ಟಿಪ್ಪಣಿ ಸಿಗಬಹುದು, ಅದರಲ್ಲೂ ತಾರೀಖು ಇರುತ್ತದೆ. ಪೊಲೀಸರಿಗೆ ಕೊಡುವ ದೂರಿನ ಜೊತೆ ಈ ಸಾಲುಗಳ ಪ್ರತಿ ಇಟ್ಟರೆ ಮನೆಯವರು ತಾವು ಇದರಲ್ಲಿ ಇಲ್ಲ ಎಂದು ತೋರಿಸುವುದು ಬಹಳ ಸುಲಭವಾಗುತ್ತದೆ.

ಅನುಮಾನ ಬಂದ ಪುಟವನ್ನು ಬ್ಯಾಂಕ್ ಆಪ್ ಇರುವ ಫೋನಿನಲ್ಲಿ ತೆರೆದು ಅಡ್ಡಾಡುವುದು ಬೇಡ. ಯುಆರ್‌ಎಲ್‌ಸ್ಕ್ಯಾನ್ ಸೇವೆಗೆ ವಿಳಾಸ ಕೊಟ್ಟರೆ ಅದೇ ಪುಟ ತೆರೆದು ಚಿತ್ರ ತೋರಿಸುತ್ತದೆ. ಹಾಗೆಯೇ ಸಿಆರ್‌ಟಿ ಡಾಟ್ ಎಸ್‌ಎಚ್ ಎಂಬಲ್ಲಿ ಆ ಹೆಸರಿಗೆ ಕೊಟ್ಟ ಭದ್ರತಾ ಸರ್ಟಿಫಿಕೇಟ್‌ಗಳ ಪಟ್ಟಿ ತಾರೀಖಿನ ಸಮೇತ ಸಿಗುತ್ತದೆ. ಎರಡು ವರ್ಷ ಒಂದೂ ಇಲ್ಲದೆ ಇದ್ದಕ್ಕಿದ್ದಂತೆ ಸೈಟಿನ ಹೆಸರಿನ ಮುಂದೆ ಸೇರಿಸಿದ 'ಪೇ' ಅಥವಾ 'ಬುಕಿಂಗ್' ಎಂಬ ಉಪಹೆಸರಿಗೆ ಹೊಸದು ಬಂದಿದ್ದರೆ ಮೋಸ ಶುರುವಾದ ದಿನ ಅದರ ಹತ್ತಿರದಲ್ಲೇ ಇದೆ. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬಿ ದುಡ್ಡು ಕಟ್ಟಿದವರು ಎಷ್ಟೋ ಮಂದಿ. ಆ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಕಳ್ಳರಿಗೂ ಸಿಗುತ್ತದೆ. ದಾರಿಯಲ್ಲಿ ಮಾಹಿತಿ ಸೋರುವುದಿಲ್ಲ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಒಳಗೆ ನುಗ್ಗಿದ ಪ್ರಕರಣ ಬೇರೆ ಥರ ಕಾಣುತ್ತದೆ. ತಾರೀಖು, ನೇಮ್ ಸರ್ವರ್ ಎಲ್ಲ ಸರಿಯಾಗಿರುತ್ತವೆ. ಅತಿಥಿಗಳು 'ನಿಮ್ಮ ಸೈಟ್ ಎಲ್ಲೆಲ್ಲಿಗೋ ಹೋಗುತ್ತದೆ' ಅನ್ನುತ್ತಾರೆ, ಮನೆಯವರು ತೆರೆದು ನೋಡಿದರೆ ಏನೂ ಆಗಿಲ್ಲ. ಇಬ್ಬರು ಹೇಳುವುದೂ ನಿಜ. ಗೂಗಲ್ ಹುಡುಕಾಟದಿಂದ, ಮೊಬೈಲಿನಲ್ಲಿ, ಮೊದಲ ಸಲ ಬಂದವರನ್ನು ಮಾತ್ರ ಬೇರೆಡೆಗೆ ಕಳಿಸುವಂತೆ ಕೋಡ್ ಬರೆದಿರುತ್ತಾರೆ. ವಿಳಾಸ ನೇರ ಟೈಪ್ ಮಾಡುವ ಮಾಲೀಕರಿಗೆ ಹಳೇ ಪುಟವೇ ಕಾಣುತ್ತದೆ. ಆದ್ದರಿಂದ ಪರೀಕ್ಷಿಸುವಾಗ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಗೂಗಲ್ ಮೂಲಕವೇ ಹೋಗಬೇಕು. ಆದರೆ ಬ್ಯಾಂಕ್ ಆಪ್ ಇಲ್ಲದ ಹಳೇ ಫೋನಿನಲ್ಲಿ. ಗೂಗಲ್‌ನಲ್ಲಿ 'ಸೈಟ್' ಎಂಬ ಇಂಗ್ಲಿಷ್ ಪದ, ಕೋಲನ್, ನಂತರ ಸೈಟಿನ ಹೆಸರು ಹಾಕಿ ಹುಡುಕಿದರೆ ನೀವು ಬರೆಯದ ಜಪಾನಿ ಭಾಷೆಯ ಅಥವಾ ಔಷಧಿ ಮಾರುವ ಪುಟಗಳು ಸಾಲಾಗಿ ಬರಬಹುದು. ಸಾಮಾನ್ಯ ಕಾರಣ ವರ್ಷಗಟ್ಟಲೆ ಅಪ್‌ಡೇಟ್ ಮಾಡದ ವರ್ಡ್‌ಪ್ರೆಸ್ ಪ್ಲಗಿನ್, ಅಂದರೆ ಸೈಟಿಗೆ ಜೋಡಿಸುವ ಹೆಚ್ಚುವರಿ ಸಾಫ್ಟ್‌ವೇರ್. ಆ ಪುಟಗಳನ್ನಷ್ಟೇ ಅಳಿಸಿದರೆ ವಾರದಲ್ಲಿ ಮತ್ತೆ ಬರುತ್ತವೆ, ನುಗ್ಗಿದವರು ಹಿಂಬಾಗಿಲಿನಂತೆ ಒಂದು ಫೈಲ್ ಬಿಟ್ಟಿರುತ್ತಾರೆ. ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಸರಿ.

ದುಡ್ಡು ಎಲ್ಲಿಗೆ ಸೇರುತ್ತದೆ ಎಂಬುದನ್ನೂ ನೋಡಬೇಕು. ಸೈಟಿನಲ್ಲಿರುವ ಕ್ಯೂಆರ್ ಕೋಡನ್ನು ಪೇಮೆಂಟ್ ಆಪ್ ಬಿಟ್ಟು ಸಾದಾ ಸ್ಕ್ಯಾನರಿನಲ್ಲಿ ತೆರೆದರೆ ಒಂದು ಉದ್ದ ಸಾಲು ಬರುತ್ತದೆ. ಅದರಲ್ಲಿ 'ಪಿಎ' ಎಂಬುದರ ಮುಂದಿರುವುದು ಹಣ ಸೇರುವ ಯುಪಿಐ ಐಡಿ, 'ಪಿಎನ್' ಮುಂದಿರುವುದು ಹೆಸರು. ಈ ಪಿಎನ್ ಜಾಗದಲ್ಲಿ ಕೋಡ್ ಮಾಡಿದವರು ಏನು ಬೇಕಾದರೂ ಬರೆಯಬಹುದು, ಹೋಂಸ್ಟೇ ಹೆಸರನ್ನೂ. ನಂಬಬೇಕಾದದ್ದು ಪಿನ್ ಹಾಕುವ ಮೊದಲು ಆಪ್ ತೋರಿಸುವ ಬ್ಯಾಂಕ್ ದಾಖಲೆಯ ಹೆಸರನ್ನು. ಅಲ್ಲಿ ಸಂಬಂಧವೇ ಇಲ್ಲದ ಹೆಸರು ಬಂದರೆ ನಿಲ್ಲಿಸಿ. ಮೋಸ ಗೊತ್ತಾದ ಮೇಲೆ ಅದೇ ನಂಬರಿನಿಂದ 'ರೀಫಂಡ್ ಕೊಡುತ್ತೇವೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ' ಎಂದು ಫೋನ್ ಬಂದರೆ ಅದು ಎರಡನೇ ಸುಲಿಗೆ. ಹಣ ಪಡೆಯಲು ಪಿನ್ ಬೇಡವೇ ಬೇಡ.

ಬುಕ್ ಮಾಡುವವರಿಗೆ ವೇಬ್ಯಾಕ್ ಮಷೀನ್ ಇನ್ನೊಂದು ಉಪಕಾರ ಮಾಡುತ್ತದೆ: ನಾಲ್ಕೈದು ವರ್ಷ ಹಿಂದಿನ ಪ್ರತಿಯಲ್ಲಿ ಮನೆಯವರ ಅಸಲಿ ಫೋನ್ ನಂಬರ್ ಇರುತ್ತದೆ. ಈಗಿನ ಪುಟದ ನಂಬರಿಗೆ ಅದು ಹೊಂದದಿದ್ದರೆ ಹಳೇ ನಂಬರಿಗೆ ಫೋನ್ ಮಾಡಿ ಕೇಳಿ. ಎರಡು ನಿಮಿಷದ ಕೆಲಸ.

ಕೊಡಗಿನಲ್ಲಿ ಹೆಸರು ಕೈತಪ್ಪುವುದು ಅಸಡ್ಡೆಯಿಂದ ಎಂದು ಹೇಳುವುದು ತಪ್ಪಾಗುತ್ತದೆ. 2018ರ ಆಗಸ್ಟಿನ ಭೂಕುಸಿತ, 2020ರ ಲಾಕ್‌ಡೌನ್‌ಗಳಲ್ಲಿ ಅತಿಥಿಗಳೇ ಇಲ್ಲದಾಗ ವೆಬ್‌ಸೈಟಿನ ನೆನಪು ಯಾರಿಗೆ ಬರುತ್ತದೆ? 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದಾಗ ಕಾರ್ಡಿನಿಂದ ತಾನಾಗಿ ಕಟ್ಟಿಹೋಗುತ್ತಿದ್ದ ಎಷ್ಟೋ ಪಾವತಿಗಳು ನಿಂತವು, ವಿದೇಶಿ ಕಂಪನಿಗಳಿಗೆ ಹೋಗುತ್ತಿದ್ದವು ಹೆಚ್ಚಾಗಿ. ನವೀಕರಣದ ಎಚ್ಚರಿಕೆ ಹೋಗುವುದು ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಿಗೆ, ಅವನು ಊರು ಬಿಟ್ಟು ಹೋಗಿರುತ್ತಾನೆ. ಜುಲೈ ಮಳೆಯಲ್ಲಿ ವಾರಗಟ್ಟಲೆ ಕರೆಂಟು ಇಲ್ಲ, ಟವರ್ ಇಲ್ಲ. ಆದ್ದರಿಂದ ಹೆಸರನ್ನು ನಿಮ್ಮದೇ ಇಮೇಲಿನ ಖಾತೆಯಲ್ಲಿ ಇಟ್ಟು, 5 ವರ್ಷಕ್ಕೆ ಒಟ್ಟಿಗೆ ಕಟ್ಟಿ, ಹೆಸರು ಬೇರೆಡೆಗೆ ವರ್ಗವಾಗದಂತೆ ಟ್ರಾನ್ಸ್‌ಫರ್ ಲಾಕ್ ಹಾಕಿ. ಅವಧಿ ಮುಗಿಯುವ ತಿಂಗಳು ಮಳೆಗಾಲಕ್ಕೆ ಬರದಂತೆ ನೋಡಿಕೊಳ್ಳಿ. ಕಾಫಿ ಕೊಯ್ಲಿಗೆ ಮೊದಲು, ಅಕ್ಟೋಬರಿನಲ್ಲೇ ಕಟ್ಟಿಬಿಡುವುದು ಒಳ್ಳೆಯದು.

ಹೆಸರು ಈಗಾಗಲೇ ಹೋಗಿದ್ದರೆ ವಾಪಸ್ ಪಡೆಯುವ ದಾರಿ ಕಷ್ಟದ್ದು. ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ ವ್ಯಾಜ್ಯ ಕ್ರಮಗಳಿವೆ. ಮೊದಲನೆಯದಕ್ಕೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೊದಲ್ಲಿ ಶುಲ್ಕವೇ 1,500 ಡಾಲರ್, ಮೇಲೆ ಆ ಹೆಸರಿನ ಟ್ರೇಡ್‌ಮಾರ್ಕ್ ಹಕ್ಕು ತೋರಿಸಬೇಕು. ಬೇಗ ಫಲ ಕೊಡುವುದು ಪುಟ ಮುಚ್ಚಿಸುವ ದಾರಿ. ಆರ್‌ಡಿಎಪಿ ಪುಟದಲ್ಲೇ ದುರ್ಬಳಕೆಯ ದೂರು ಕಳಿಸಲು ರಿಜಿಸ್ಟ್ರಾರಿನ ಅಬ್ಯೂಸ್ ಇಮೇಲ್ ಇರುತ್ತದೆ. 2024ರ ಏಪ್ರಿಲಿನಿಂದ ಐಕ್ಯಾನ್ ಒಪ್ಪಂದದ ಪ್ರಕಾರ ಸಾಕ್ಷ್ಯ ಸಮೇತ ಬಂದ ಫಿಶಿಂಗ್ (ಅಸಲಿಯಂತೆ ನಟಿಸಿ ಮೋಸ ಮಾಡುವ) ದೂರಿನ ಮೇಲೆ ಅವರು ಕ್ರಮ ಕೈಗೊಳ್ಳಲೇಬೇಕು. ಪೂರ್ತಿ ವಿಳಾಸ ಕಾಣುವ ಸ್ಕ್ರೀನ್‌ಶಾಟ್, ರಸೀದಿ, ಹಳೇ ಮತ್ತು ಹೊಸ ನಂಬರ್ ಅಕ್ಕಪಕ್ಕ ಇಟ್ಟು ಬರೆಯಿರಿ. ಅದಕ್ಕೆ ಮೊದಲು ವೇಬ್ಯಾಕ್‌ನ 'ಸೇವ್ ಪೇಜ್ ನೌ'ನಲ್ಲಿ ಮೋಸದ ಪುಟದ ಪ್ರತಿ ತೆಗೆದಿಡಿ, ಪುಟ ಮುಚ್ಚಿದ ಮೇಲೆ ಪೊಲೀಸರಿಗೆ ತೋರಿಸಲು ಅದೇ ಉಳಿಯುವುದು. ಮೋಸದ ಪುಟಗಳ ಬಗ್ಗೆ ಎಚ್ಚರಿಸುವ ಗೂಗಲ್ ಸೇಫ್ ಬ್ರೌಸಿಂಗ್‌ಗೂ ವರದಿ ಮಾಡಿ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಇಮೇಲಿಗೆ. ಹೆಸರು ಯಾರ ಕೈಯಲ್ಲಿದೆಯೋ ಆ ಹೆಸರಿನ ವಿಳಾಸಕ್ಕೆ ಬರುವ ಪತ್ರಗಳೂ ಅವರಿಗೇ. ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್, ಫೇಸ್‌ಬುಕ್ ಪುಟ, ಬುಕಿಂಗ್ ಆಪ್‌ಗಳು ಹಳೇ 'ಇನ್ಫೋ' ವಿಳಾಸಕ್ಕೇ ಜೋಡಣೆಯಾಗಿದ್ದರೆ 'ಪಾಸ್‌ವರ್ಡ್ ಮರೆತೆ' ಒತ್ತಿದರೆ ಸಾಕು, ಎಲ್ಲವೂ ಅವರ ಪಾಲು. ಹೋಂಸ್ಟೇ ಮುಚ್ಚುತ್ತೀರಿ, ಹೆಸರು ಇನ್ನು ಬೇಡ ಎಂದಾದರೂ ಮೊದಲು ಆ ಖಾತೆಗಳನ್ನೆಲ್ಲ ಬೇರೆ ಇಮೇಲಿಗೆ ಬದಲಿಸಿ, ಮ್ಯಾಪಿನಿಂದ ಲಿಂಕ್ ತೆಗೆಸಿ. ಆಮೇಲೂ ಎರಡು ಮೂರು ವರ್ಷ ಹೆಸರನ್ನು ಇಟ್ಟುಕೊಂಡು, ಅದರಲ್ಲಿ 'ನಾವು ಈಗ ಬುಕಿಂಗ್ ತೆಗೆದುಕೊಳ್ಳುತ್ತಿಲ್ಲ' ಎಂಬ ಒಂದೇ ಸಾಲು ಹಾಕಿಡಿ.